ವೈಡಾಲ್ ಪಾಸಿಟಿವ್ ಬಂದರೆ ಟೈಫಾಯ್ಡ್ ಇದೆ ಅಂತಲ್ಲ

ಪ್ರಶ್ನೆ: ಎರಡು ವರ್ಷದ ಹಿಂದೆ ಟೈಫಾಯ್ಡ್ ಆಗಿತ್ತು. ಈಗಲೂ ಸುಸ್ತಾದಾಗಲೆಲ್ಲ ವೈಡಾಲ್ ಮಾಡಿಸುತ್ತೇನೆ, ಪಾಸಿಟಿವ್ ಬರುತ್ತದೆ. ರೋಗ ರಕ್ತದಲ್ಲೇ ಉಳಿದಿದೆಯಾ? ಪ್ರತಿ ಸಲ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದೇನೆ.
– ಗೃಹಿಣಿ, ಮಲೇಬೆನ್ನೂರು

ಉತ್ತರ: ಮೊದಲು ಡ್ರಿಪ್ ನಿಲ್ಲಿಸಿ ತಾಯಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ವೈಡಾಲ್ ಅಂದರೆ ಟೈಫಾಯ್ಡ್‌ಗೆ ಮಾಡುವ ರಕ್ತ ಪರೀಕ್ಷೆ, 1896ರಷ್ಟು ಹಳೆಯದು. ಅದು ರೋಗಾಣುವನ್ನು ಹುಡುಕುವುದಿಲ್ಲ. ರೋಗಾಣುವಿನ ವಿರುದ್ಧ ನಿಮ್ಮ ಮೈ ತಯಾರಿಸಿದ ಪ್ರತಿಕಾಯ ಇದೆಯಾ ಅಂತ ಮಾತ್ರ ನೋಡುತ್ತದೆ. ನಿಮ್ಮದು ಭದ್ರಾ ನಾಲೆಯ ಊರು. ತೂಬು ಮುಚ್ಚಿದ ಮಾರನೇ ದಿನ ಗದ್ದೆಗೆ ಇಳಿದರೂ ಕಾಲು ಹೂತುಕೊಳ್ಳುತ್ತದೆ ಅಲ್ವಾ? ಹಾಗಂತ ನೀರು ಇನ್ನೂ ಹರಿಯುತ್ತಿದೆ ಅಂತ ಯಾರೂ ಹೇಳುವುದಿಲ್ಲ.

ಮೈಗೂ ಇಂಥ ತೂಬಿದೆ. ರೋಗಾಣು ಒಳಗೆ ಬಂದಾಗ ಅದಕ್ಕೆ ಹೊಂದುವ ಬಿ ಕೋಶಗಳು (ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳು) ಮಾತ್ರ ಎಚ್ಚರಗೊಳ್ಳುತ್ತವೆ. ಹೆಚ್ಚಿನ ಸಲ ಸಹಾಯಕ ಟಿ ಕೋಶ ಅನ್ನುವ ಇನ್ನೊಂದು ಬಗೆಯ ಬಿಳಿ ರಕ್ತಕಣ ಒಪ್ಪಿಗೆ ಕೊಟ್ಟ ಮೇಲೇ ಕೆಲಸ ಜೋರಾಗುತ್ತದೆ. ಮೊದಲು ಬರುವುದು ಐಜಿಎಂ ಅನ್ನುವ ಬಗೆಯ ಪ್ರತಿಕಾಯ, ಆಮೇಲೆ ಐಜಿಜಿ ಅನ್ನುವ ಬಗೆ. ಬಿ ಕೋಶ ಪೂರ್ತಿ ಬಲಿತರೆ ಪ್ಲಾಸ್ಮಾ ಕೋಶ, ಅಂಥ ಒಂದು ಕೋಶ ಸೆಕೆಂಡಿಗೆ ಸಾವಿರಾರು ಪ್ರತಿಕಾಯ ಸುರಿಸುತ್ತದೆ. ರೋಗಾಣು ಖಾಲಿಯಾದರೆ ಕೋಶಗಳನ್ನು ಎಬ್ಬಿಸುವವರು ಯಾರೂ ಇರುವುದಿಲ್ಲ. ಸಾಕಷ್ಟು ಐಜಿಜಿ ತಯಾರಾದಾಗ ಅದೇ ಬಿ ಕೋಶಗಳಿಗೆ 'ಇನ್ನು ಸಾಕು' ಅಂತ ಸೂಚನೆಯನ್ನೂ ಕೊಡುತ್ತದೆ. ಕೆಲಸ ಮುಗಿಸಿದ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ. ರಕ್ತದಲ್ಲಿರುವ ಐಜಿಜಿ ಸುಮಾರು 3 ವಾರಕ್ಕೆ ಅರ್ಧಕ್ಕೆ ಇಳಿಯುತ್ತದೆ.

ಆದರೂ ಪೂರ್ತಿ ಬತ್ತುವುದಿಲ್ಲ. ಕೆಲವು ಪ್ಲಾಸ್ಮಾ ಕೋಶಗಳು ಮೂಳೆ ಮಜ್ಜೆಯಲ್ಲಿ ವರ್ಷಗಟ್ಟಲೆ ಕೂತು ಸ್ವಲ್ಪ ಸ್ವಲ್ಪ ತಯಾರಿಸುತ್ತಲೇ ಇರುತ್ತವೆ. 1846ರಲ್ಲಿ ಫೆರೋ ದ್ವೀಪಗಳಲ್ಲಿ ದಡಾರ ಹಬ್ಬಿದಾಗ, 1781ರಲ್ಲಿ ಒಮ್ಮೆ ದಡಾರ ಆಗಿದ್ದ ಮುದುಕರಿಗೆ ಮತ್ತೆ ಬರಲಿಲ್ಲ. 65 ವರ್ಷದ ನೆನಪು ಅದು! ಮೈಯ ಇಂಥ ಶಕ್ತಿಯನ್ನೇ ರೋಗ ಅಂತ ಹೆದರಿಸಿ ಬಾಟಲಿ ಏರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಲೇರಿಯಾ, ಡೆಂಗಿ ಬಂದಾಗಲೂ ವೈಡಾಲ್ ಸುಮ್ನೆ ಪಾಸಿಟಿವ್ ತೋರಿಸಬಹುದು.

ಜಗಳೂರು ಕಡೆಯ ಹೆಣ್ಣುಮಗಳೊಬ್ಬಳು ಪ್ಲಾಸ್ಟಿಕ್ ಚೀಲದ ತುಂಬ ರಿಪೋರ್ಟ್ ತಂದಿದ್ದಳು. ಆರು ವೈಡಾಲ್, ಆರರಲ್ಲೂ ಕೆಂಪು ಪೆನ್ನಿನ ಗುರುತು. ಕೈ ತುಂಬ ಸೂಜಿ ಚುಚ್ಚಿದ ಕಲೆ. ಕುತ್ತಿಗೆಯ ಗಂಟನ್ನು ಯಾರೂ ಮುಟ್ಟಿಯೂ ನೋಡಿರಲಿಲ್ಲ. ಅವಳಿಗಿದ್ದದ್ದು ಕ್ಷಯ. ಎಂಟು ತಿಂಗಳು ಹಾಳಾಗಿತ್ತು. ಅವತ್ತಿಂದ ನಾನು ಒಂದೇ ವೈಡಾಲ್ ನಂಬಿ ಮಾತ್ರೆ ಬರೆದಿಲ್ಲ.

ಜ್ವರ ಬಂದರೆ ಮೊದಲ ವಾರದಲ್ಲೇ, ಆಂಟಿಬಯೋಟಿಕ್ ಶುರು ಮಾಡುವ ಮುಂಚೆ, ಬ್ಲಡ್ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನೇ ಬೆಳೆಸಿ ನೋಡುವ ಪರೀಕ್ಷೆ) ಕೇಳಿ. ಕೆಲವರ ಪಿತ್ತಕೋಶದಲ್ಲಿ ಟೈಫಾಯ್ಡ್ ರೋಗಾಣು ಉಳಿಯುವುದು ನಿಜ. ಆದರೆ ಅದು ಗೊತ್ತಾಗುವುದು ಮಲದ ಕಲ್ಚರ್‌ನಲ್ಲಿ, ವೈಡಾಲ್‌ನಲ್ಲಲ್ಲ. ನಿಮಗೆ ಜ್ವರ ಇಲ್ಲ, ಬರೀ ಸುಸ್ತು. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ನೋಡಿಸಿ.

ಪ್ರಶ್ನೆ: ಅಮೃತಬಳ್ಳಿ ಕಷಾಯದಿಂದ ಪ್ರತಿಕಾಯ ಜಾಸ್ತಿ ಆಗುತ್ತದಾ? – ಹರಿಹರ

ಉತ್ತರ: ಕಷಾಯ ಕುಡಿದು ಒಂದು ರೋಗದ ಪ್ರತಿಕಾಯ ಹುಟ್ಟಿಸಲು ಆಗುವುದಿಲ್ಲ, ಅದಕ್ಕೆ ಆ ರೋಗಾಣು ಬೇಕು, ಇಲ್ಲವೇ ಅದರ ಲಸಿಕೆ ಬೇಕು. ಅಮೃತಬಳ್ಳಿ ತಿಂದವರಲ್ಲಿ ಲಿವರ್ ತೊಂದರೆ ವರದಿಯಾಗಿದೆ, ದಿನಾ ಕುಡಿಯಬೇಡಿ.

ಪ್ರಶ್ನೆ: ಜ್ವರವಿಲ್ಲ, ಡೆಂಗಿ ಐಜಿಜಿ ಮಾತ್ರ ಪಾಸಿಟಿವ್. ಅಡ್ಮಿಟ್ ಆಗಬೇಕಾ? – ಹೊನ್ನಾಳಿ

ಉತ್ತರ: ಬೇಡ, ಅದು ಹಿಂದೆಂದೋ ಬಂದುಹೋದದ್ದರ ಗುರುತು. ಮುಂದೆ ಯಾವಾಗಲಾದರೂ ಜ್ವರ ಬಂದರೆ ಮಾತ್ರ ತಡ ಮಾಡಬೇಡಿ. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ ಇವೆ, ಎರಡನೇ ಸಲ ಬೇರೆ ಬಗೆ ಬಂದರೆ ಜೋರಾಗುವ ಭಯ ಜಾಸ್ತಿ.