ಗಾಡಿ ಪ್ರಶ್ನೋತ್ತರ: ಸಿಂಥೆಟಿಕ್ ಬಿಟ್ಟು ಸಾದಾ ಆಯಿಲ್‌ಗೆ ಬರಬಹುದೇ?

ಪ್ರಶ್ನೆ: ನಮಸ್ಕಾರ್ರಿ. ನಮ್ಮದು 2012ರ ಪೆಟ್ರೋಲ್ ಕಾರು, 1.2 ಲೀಟರ್ ಇಂಜಿನ್, 95,000 ಕಿ.ಮೀ. ಓಡ್ಯದ. ಹಿಂದಿನ ಮಾಲಕರು ಸಿಂಥೆಟಿಕ್ ಆಯಿಲೇ ಹಾಕಿಸ್ತಿದ್ರು. ಮೂರೂವರೆ ಲೀಟರಿನ ಡಬ್ಬಿಗೆ ಅದು 2,300 ರೂಪಾಯಿ, ಮಿನರಲ್, ಅಂದ್ರ ಸಾದಾ ಆಯಿಲ್ ಆದ್ರ 1,250. ಫಿಲ್ಟರ್, ಮಜೂರಿ ಕೂಡಿ 400 ಬ್ಯಾರೆ. ‘ಒಮ್ಮೆ ಸಿಂಥೆಟಿಕ್ ಕುಡದ ಇಂಜಿನ್ ಹಳೇದಕ್ಕ ಹೋಗಂಗಿಲ್ಲ’ ಅಂತಾರ ಗ್ಯಾರೇಜಿನವರು. ಖರೇ ಏನ್ರಿ?
*ಓದುಗರು, ಸೇಡಂ*

ಉತ್ತರ: ಖರೆಯಲ್ಲ. ಎರಡೂ ಬಗೆಯ ಆಯಿಲ್ ಒಂದರೊಳಗೊಂದು ಸಲೀಸಾಗಿ ಬೆರೆಯುತ್ತವೆ. ಹಳೆಯದನ್ನು ಎಷ್ಟೇ ಇಳಿಸಿದರೂ ಇಂಜಿನ್ನಿನ ಸಂದುಗೊಂದುಗಳಲ್ಲಿ ಕಾಲು ಲೀಟರಿನಷ್ಟು ಉಳಿದೇ ಉಳಿಯುತ್ತದೆ, ಅದರಿಂದ ತೊಂದರೆಯಿಲ್ಲ. ಇಂಜಿನ್ ಒಳಗೆ ತೊಳೆಯುವ ‘ಫ್ಲಶಿಂಗ್’ ಹೆಸರಿನಲ್ಲಿ ದುಡ್ಡು ಕೇಳಿದರೆ ಬೇಡವೆನ್ನಿ.

ಆದರೆ ಲೆಕ್ಕವನ್ನು ಇನ್ನೊಮ್ಮೆ ಹಾಕಿ ನೋಡಿ. ಸಿಂಥೆಟಿಕ್ ಸಾಮಾನ್ಯವಾಗಿ 10,000 ಕಿ.ಮೀ. ಬಾಳುತ್ತದೆ. ಮಿನರಲ್ಲನ್ನು 5,000 ಕಿ.ಮೀ.ಗೆ ಇಲ್ಲವೇ ಆರು ತಿಂಗಳಿಗೆ ಬದಲಿಸಬೇಕು. ನೀವು ಕೊಟ್ಟ ದರದಲ್ಲೇ 10,000 ಕಿ.ಮೀ.ಗೆ ಸಿಂಥೆಟಿಕ್ ಖರ್ಚು 2,700 ರೂಪಾಯಿ. ಮಿನರಲ್ ಎರಡು ಸಲ, 1,650ರಂತೆ 3,300. ಅಗ್ಗದ ಆಯಿಲ್ 600 ರೂಪಾಯಿ ತುಟ್ಟಿಯಾಯಿತು! ಮಿನರಲ್ ಹಾಕಿಸಿ ಹಳೇ ರೂಢಿಯಂತೆ 10,000 ಓಡಿಸುವವರಿಗೆ ಉಳಿತಾಯ ಕಾಣುವುದು ನಿಜ. ಆ ಉಳಿತಾಯವೇ ಮುಂದೆ ಇಂಜಿನ್ ತಲೆಯಲ್ಲಿ ಕಪ್ಪು ಕೆಸರಾಗಿ ಕೂರುತ್ತದೆ.

ಬದಲಾವಣೆ ಲಾಭವಾಗುವುದು ಆಯಿಲ್ ಕುಡಿಯುವ ಇಂಜಿನ್ನಿಗೆ. 1,000 ಕಿ.ಮೀ.ಗೆ ಅರ್ಧ ಲೀಟರ್ ಮೇಲೆ ಹಾಕಬೇಕಾಗುತ್ತಿದ್ದರೆ 10,000ಕ್ಕೆ ಐದು ಲೀಟರ್ ಹೆಚ್ಚುವರಿ. ಸಿಂಥೆಟಿಕ್ಕಾದರೆ ಅದಕ್ಕೇ ಸುಮಾರು 3,285 ರೂಪಾಯಿ, ಮಿನರಲ್‌ಗೆ 1,785. ಮೇಲಿನ 600 ಕಳೆದರೂ 900 ಉಳಿಯಿತು. ಬೆಳಿಗ್ಗೆ ಚಾಲೂ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲು ನೋಡಿಸಿ. ಎಕ್ಸಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು.

ನಿಜವಾದ ಎಡವಟ್ಟು ಆಗುವುದು ಗ್ರೇಡಿನಲ್ಲಿ, ಅಂದರೆ ಆಯಿಲ್ ದಪ್ಪದ ಅಂಕಿಯಲ್ಲಿ. ನಿಮ್ಮ ಗಾಡಿಯ ಪುಸ್ತಕ 5ಡಬ್ಲ್ಯೂ-30 ಎನ್ನುತ್ತದೆ ಎಂದಿಟ್ಟುಕೊಳ್ಳಿ. ಅಂಗಡಿಗೆ ಹೋಗಿ ‘ಮಿನರಲ್ ಕೊಡ್ರಿ’ ಅಂದರೆ ಕೈಗೆ ಬರುವುದು ಬಹುಪಾಲು 20ಡಬ್ಲ್ಯೂ-40 ಇಲ್ಲವೇ 20ಡಬ್ಲ್ಯೂ-50. ಅಲ್ಲಿಗೆ ಜಾತಿಯ ಜೊತೆ ದಪ್ಪವೂ ಬದಲಾಯಿತು. ಮೊದಲಿನ ಅಂಕಿ ಚಳಿಯದು. 15ಡಬ್ಲ್ಯೂ ಆಯಿಲ್ಲನ್ನು ಪರೀಕ್ಷಿಸುವುದೇ ಸೊನ್ನೆಗಿಂತ 20 ಡಿಗ್ರಿ ಕೆಳಗೆ, ಡಿಸೆಂಬರಿನಲ್ಲೂ ನಮ್ಮ ಕಡೆ ಅದರ ಚಿಂತೆಯಿಲ್ಲ. ಎರಡನೆಯದು ಇಂಜಿನ್ ಕಾದಾಗಿನ ದಪ್ಪ. ನೋಡಬೇಕಾದ್ದು ಅದನ್ನು.

‘ಕಲಬುರಗಿ ಬಿಸಿಲಿಗೆ 50ನೇ ಆಯಿಲ್ಲೇ ಬೇಕು’ ಎಂಬ ಮಾತು ಪ್ರತಿ ಗ್ಯಾರೇಜಿನಲ್ಲಿ ಕೇಳಿಸುತ್ತದೆ. ಹೊರಗೆ 43 ಡಿಗ್ರಿ ಇರಲಿ, 25 ಇರಲಿ, ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಸರಿಯಿದ್ದರೆ ಕೂಲಂಟ್ (ಇಂಜಿನ್ ತಂಪಾಗಿಸುವ ದ್ರವ) 90 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಆಯಿಲ್ ಅನುಭವಿಸುವುದು ಆ ಕಾವನ್ನು. ಬೇಡದ ದಪ್ಪದ ಆಯಿಲ್ ಹಾಕಿದರೆ ಬೆಳಿಗ್ಗೆ ಮೇಲಿನ ಕ್ಯಾಮ್‌ಶಾಫ್ಟ್‌ವರೆಗೆ ಏರಲು ತಡಮಾಡಿ ಒಂದೆರಡು ಸೆಕೆಂಡ್ ಟಕಟಕ ಸದ್ದು ಬರುತ್ತದೆ, ಮೈಲೇಜೂ ಸ್ವಲ್ಪ ಇಳಿಯುತ್ತದೆ. ಪುಸ್ತಕದಲ್ಲಿ 10ಡಬ್ಲ್ಯೂ-30 ಅಥವಾ 15ಡಬ್ಲ್ಯೂ-40ಕ್ಕೂ ಒಪ್ಪಿಗೆ ಇದ್ದರೆ ಮಾತ್ರ ಅದನ್ನು ತೆಗೆದುಕೊಳ್ಳಿ. ಡಬ್ಬಿಯ ಹಿಂದೆ ಗುಣಮಟ್ಟದ ಗುರುತು ಎಪಿಐ ಎಸ್‌ಎನ್ ಅಥವಾ ಎಸ್‌ಪಿ ಎಂದಿರಲಿ. 0ಡಬ್ಲ್ಯೂ-16, 0ಡಬ್ಲ್ಯೂ-20 ಬರೆದಿರುವ ಹೊಸ ಗಾಡಿಗಳಿಗೆ ಈ ಪ್ರಯೋಗವೇ ಬೇಡ.

ಬದಲಿಸುವಾಗ ಎದುರಿಗೆ ನಿಲ್ಲಿ. ಇಂಜಿನ್ ಐದು ನಿಮಿಷ ಓಡಿಸಿ ಬಂದ್ ಮಾಡಿ, ಸಮತಟ್ಟಾದ ಜಾಗದಲ್ಲಿ ಚೇಂಬರಿನ (ಇಂಜಿನ್ ತಳದ ಆಯಿಲ್ ತೊಟ್ಟಿಯ) ನಟ್ಟು ಬಿಚ್ಚಿ 15 ನಿಮಿಷ ಇಳಿಯಲು ಬಿಡಬೇಕು. ನಟ್ಟಿನ ವಾಷರ್ ಹೊಸದು ಹಾಕಿಸಿ, ಹತ್ತಿಪ್ಪತ್ತು ರೂಪಾಯಿಯ ಮಾತು. ಹಳೇ ಫಿಲ್ಟರ್ ಬಿಚ್ಚಿದ ಮೇಲೆ ಅದರ ರಬ್ಬರ್ ರಿಂಗ್ ಫಿಲ್ಟರಿನ ಜೊತೆಗೇ ಬಂತೇ ಅಂತ ಕಣ್ಣಾರೆ ನೋಡಿ. ಅದು ಇಂಜಿನ್ನಿಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದನ್ನು ತಿರುವಿದರೆ ಎರಡು ರಿಂಗ್ ಸೇರಿ ಒತ್ತಡಕ್ಕೆ ಜಾರುತ್ತವೆ, ಹತ್ತಾರು ಕಿ.ಮೀ.ನಲ್ಲೇ ಆಯಿಲ್ಲೆಲ್ಲ ರಸ್ತೆ ಪಾಲು. ಹೊಸ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ, ಅದು ಮುಟ್ಟಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿದರೆ ಸಾಕು. ಪಾನಾ ಹಾಕಬಾರದು.

ಇಡೀ ಡಬ್ಬಿ ಸುರಿಯಬೇಡಿ. ಪುಸ್ತಕದಲ್ಲಿರುವ ಅಳತೆಗಿಂತ ಕಾಲು ಲೀಟರ್ ಕಡಿಮೆ ಹಾಕಿ, ಇಂಜಿನ್ ಒಂದು ನಿಮಿಷ ಓಡಿಸಿ, ಐದು ನಿಮಿಷ ಬಿಟ್ಟು ಗೇಜ್ ಕಡ್ಡಿ ಒರೆಸಿ ನೋಡಿ, ಆಮೇಲೆ ತುಂಬಿಸಿ. ಮೇಲಿನ ಗೆರೆ ದಾಟಿದರೆ ಕ್ರ್ಯಾಂಕ್ ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತದೆ. ನೊರೆಯಲ್ಲಿ ಒತ್ತಡ ನಿಲ್ಲದು. ಸೇಡಂ, ವಾಡಿ ಕಡೆಯ ಸಿಮೆಂಟ್ ಧೂಳಿನಲ್ಲಿ ಓಡಾಡುವ ಗಾಡಿಯಾದ್ದರಿಂದ ಏರ್ ಫಿಲ್ಟರನ್ನೂ ಆಗಲೇ ತೆಗೆದು ನೋಡಿಸಿ. ಧೂಳು ಒಳಗೆ ಹೋದರೆ ಯಾವ ಆಯಿಲ್ಲೂ ಪಿಸ್ಟನ್ ರಿಂಗನ್ನು ಕಾಯದು. ಇಳಿಸಿದ ಆಯಿಲ್ಲನ್ನು ಬಂಡಿಯ ಅಚ್ಚಿಗೆ ಬಳಿಯುವ ರೂಢಿ ನಮ್ಮಲ್ಲಿದೆ. ಹೊಲದ ಬದುವಿಗೋ ಚರಂಡಿಗೋ ಮಾತ್ರ ಚೆಲ್ಲಬೇಡಿ, ಹಳೇ ಆಯಿಲ್ ಕೊಳ್ಳುವವರಿಗೆ ಕೊಡಿ.

ಪ್ರಶ್ನೆ: ಮಿನರಲ್‌ಗೆ ಬದಲಿಸಿದ ವಾರದಲ್ಲೇ ಗಾಡಿ ಕೆಳಗೆ ಆಯಿಲ್ ತೊಟ್ಟಿಕ್ಕುತ್ತಿದೆ. ಆಯಿಲ್ ಬದಲಿಸಿದ್ದಕ್ಕೇ ಸೀಲು ಹೋಯಿತು ಎನ್ನುತ್ತಾರೆ ಮಿಸ್ತ್ರಿ.
*ಓದುಗರು, ಹುಮನಾಬಾದ್*

ಉತ್ತರ: ಸಿಂಥೆಟಿಕ್‌ನಿಂದ ಮಿನರಲ್‌ಗೆ ಬಂದರೆ ವಾರದಲ್ಲಿ ಸೀಲು ಹಾಳಾಗುವುದಿಲ್ಲ. ಈಗಷ್ಟೇ ಯಾರ ಕೈ ಎಲ್ಲೆಲ್ಲಿ ಆಡಿತ್ತೋ ಮೊದಲು ಅಲ್ಲಿ ಹುಡುಕಬೇಕು. ಕೆಳಭಾಗ ಪೂರ್ತಿ ಒರೆಸಿಸಿ, ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿಡಿ. ಬೆಳಿಗ್ಗೆ ಕಲೆ ಬಿದ್ದ ಜಾಗದ ನೇರಕ್ಕೆ ಮೇಲೆ ನೋಡಿ. ಚೇಂಬರ್ ನಟ್ಟೇ ಆದರೆ ಹಳೇ ವಾಷರ್ ಮತ್ತೆ ಹಾಕಿದ್ದಾರೆ ಅಥವಾ ಅತಿಯಾಗಿ ಬಿಗಿದು ಅಲ್ಯೂಮಿನಿಯಂ ಚೂಡಿ ಸವೆಸಿದ್ದಾರೆ. ಫಿಲ್ಟರ್ ಬುಡದಲ್ಲಾದರೆ ಮೇಲೆ ಹೇಳಿದ ಜೋಡಿ ರಿಂಗ್. ಆಯಿಲ್ ಲ್ಯಾಂಪ್ ಹತ್ತಿದರೆ ಆ ಕ್ಷಣವೇ ಇಂಜಿನ್ ಬಂದ್ ಮಾಡಿ.

ಪ್ರಶ್ನೆ: ನಮ್ಮದು ಬಿಎಸ್-6 ಡೀಸೆಲ್ ಗಾಡಿ, 2021ರದು. ಟ್ರ್ಯಾಕ್ಟರಿಗೆ ತಂದ ಸಿಐ-4 ಆಯಿಲ್ ಮನೆಯಲ್ಲಿದೆ. ಹಾಕಬಹುದೇ?
*ಓದುಗರು, ಶಹಾಪುರ*

ಉತ್ತರ: ಖಂಡಿತ ಬೇಡ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಕೊಳವೆಯ ದಾರಿಯಲ್ಲಿ ಡಿಪಿಎಫ್ ಎಂಬ ಜಾಲರಿಯಿರುತ್ತದೆ. ಅದರಲ್ಲಿ ಸಿಕ್ಕ ಮಸಿಯನ್ನು ಗಾಡಿ ಆಗಾಗ ತಾನೇ ಸುಟ್ಟುಕೊಳ್ಳುತ್ತದೆ. ಆಯಿಲ್ಲಿನ ರಾಸಾಯನಿಕ ಉರಿದು ಉಳಿಯುವ ಬೂದಿಯನ್ನು ಮಾತ್ರ ಸುಡಲು ಬರುವುದಿಲ್ಲ, ಅದು ಕಟ್ಟುತ್ತಲೇ ಹೋಗುತ್ತದೆ. ಅದಕ್ಕೇ ಇಂಥ ಗಾಡಿಗೆ ಬೂದಿ ಕಡಿಮೆಯಿರುವ ಆಯಿಲ್ ಬೇಕು. ಪುಸ್ತಕ ಎಸಿಇಎ (ಯುರೋಪಿನ ಗುಣಮಟ್ಟದ ಗುರುತು) ಸಿ2 ಎಂದಿದ್ದರೆ ಸಿ2, ಸಿ3 ಎಂದಿದ್ದರೆ ಸಿ3. ಮನೆಯಲ್ಲಿರುವ ಸಿಐ-4 ಆ ಬಗೆಯದಲ್ಲ, ಅದು ಟ್ರ್ಯಾಕ್ಟರಿಗೇ ಇರಲಿ.

ಪ್ರಶ್ನೆ: ದಾರಿಯಲ್ಲಿ ಆಯಿಲ್ ಕಡಿಮೆಯಾಯಿತು, ಒಳಗಿರುವುದು ಸಿಂಥೆಟಿಕ್, ಅಂಗಡಿಯಲ್ಲಿ ಮಿನರಲ್ ಮಾತ್ರ ಇದೆ. ಏನು ಮಾಡಬೇಕು?
*ಓದುಗರು, ಆಳಂದ*

ಉತ್ತರ: ಹಾಕಿ. ಕಡಿಮೆ ಆಯಿಲ್‌ನಲ್ಲಿ ಓಡಿಸುವುದಕ್ಕಿಂತ ಬೆರಕೆ ಎಷ್ಟೋ ವಾಸಿ. ಪೆಟ್ರೋಲ್ ಕಾರಾದರೆ ಪೆಟ್ರೋಲ್ ಕಾರಿನದ್ದೇ ಆಯಿಲ್ ಆಗಿರಲಿ, ಗ್ರೇಡ್ ಆದಷ್ಟು ಹತ್ತಿರದ್ದಿರಲಿ. ಅನೇಕ ಗಾಡಿಗಳಲ್ಲಿ ಕಡ್ಡಿಯ ಎರಡು ಗೆರೆಗಳ ನಡುವಿನ ಅಂತರ ಸುಮಾರು ಒಂದು ಲೀಟರ್. ಅರ್ಧ ಲೀಟರ್ ಹಾಕಿ ಮತ್ತೆ ಅಳೆಯಿರಿ. ಬೆರಕೆಯಾದ ಮೇಲೆ ಸಿಂಥೆಟಿಕ್ಕಿನ 10,000 ಕಿ.ಮೀ. ಲೆಕ್ಕ ನಡೆಯದು, ಆ ದಿನದಿಂದ 5,000 ಎಣಿಸಿಕೊಳ್ಳಿ; ಅದಕ್ಕೂ ಮೊದಲೇ ಹಳೆಯ 10,000 ತುಂಬಿದರೆ ಆಗಲೇ ಬದಲಿಸಿ.