ಏಳು ಸುತ್ತು, ಒಂದು ಕಿಂಡಿ

ಅಣುವಿದ್ಯುತ್ ಸ್ಥಾವರಗಳ ಸುರಕ್ಷತೆಯ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಕಾಗದಗಳಲ್ಲಿ ಅರ್ಧದಷ್ಟು ಬೈಗುಳ, ಕಾಲುಭಾಗ ಕೆಲಸ ಕೊಡಿಸಿ ಎಂಬ ಕೋರಿಕೆ. ಉಳಿದವಕ್ಕೆ ಇಲ್ಲಿ ಉತ್ತರಿಸುತ್ತೇನೆ. ಹೊಸ ಓದುಗರಿಗಾಗಿ ಒಂದು ಮಾತು: ನನ್ನ ತಂದೆ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಬಾಯ್ಲರಿಗೆ ಬೆಂಕಿ ಹಾಕುತ್ತಿದ್ದವರು. ನಾನು ಸ್ಥಾವರಗಳಲ್ಲಿ ಕಾಂಕ್ರೀಟು, ಕೊಳವೆ, ಬೆಸುಗೆ ಪರೀಕ್ಷಿಸುತ್ತ ಮೂವತ್ತೊಂದು ವರ್ಷ ಕಳೆದು ಈಗ ವಿದ್ಯಾನಗರದಲ್ಲಿದ್ದೇನೆ.

ಪ್ರಶ್ನೆ: ಅಣುಸ್ಥಾವರದಲ್ಲಿ ಒಂದರ ಸುತ್ತ ಒಂದರಂತೆ ರಕ್ಷಣೆಯ ಪದರಗಳಿರುತ್ತವಂತೆ. ನಮ್ಮೂರ ಏಳು ಸುತ್ತಿನ ಕೋಟೆಯ ಹಾಗೆಯೇ ಅಲ್ಲವೇ? ಹಾಗಿದ್ದ ಮೇಲೆ ಭಯವೇಕೆ?
— ನಿವೃತ್ತ ಬ್ಯಾಂಕ್ ನೌಕರರು, ಚಿತ್ರದುರ್ಗ

ಹೋಲಿಕೆ ಚೆನ್ನಾಗಿದೆ ಸ್ವಾಮಿ, ಆದರೆ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದಿರಿ.

ಮೊದಲು ಸುತ್ತುಗಳನ್ನು ಎಣಿಸೋಣ. ಯುರೇನಿಯಂ ಆಕ್ಸೈಡಿನ ಪುಟ್ಟ ಬಿಲ್ಲೆ ಮೊದಲನೆಯದು. ತನ್ನೊಳಗೆ ಹುಟ್ಟಿದ ವಿಕಿರಣ ವಸ್ತುಗಳಲ್ಲಿ ಬಹುಪಾಲನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ. ಬಿಲ್ಲೆಗಳನ್ನು ತುಂಬಿ ಬಾಯಿ ಬೆಸೆದ ಜಿರ್ಕೋನಿಯಂ ಮಿಶ್ರಲೋಹದ ಕಡ್ಡಿ ಎರಡನೆಯದು. ಆ ಕಡ್ಡಿಗಳ ಕಂತೆಗಳನ್ನು ಹೊತ್ತು, ಕುದಿಯದಂತೆ ಒತ್ತಡದಲ್ಲಿಟ್ಟ ಬಿಸಿ ಭಾರಜಲವನ್ನು ಹರಿಸುವ ನಾಳಗಳು ಮೂರನೆಯವು. ಅದರಾಚೆ ಕಾಂಕ್ರೀಟಿನ ಒಳಕವಚ, ಹೊರಕವಚ. ಕೈಗಾದಲ್ಲಿರುವುದು ಈ ಐದು ಸುತ್ತು.

ಆದರೆ ನಿಮ್ಮ ಊರಿಗೆ ಬಂದವರು ಯಾರಾದರೂ ಸುತ್ತು ಎಣಿಸುತ್ತಾರೆಯೇ? ಓಬವ್ವನ ಕಿಂಡಿ ಎಲ್ಲಿ ಎಂದು ಕೇಳುತ್ತಾರೆ. ಆ ಕಿಂಡಿಯನ್ನು ಹೈದರಾಲಿ ಕೊರೆಸಿದ್ದಲ್ಲ. ಊರವರೇ ಓಡಾಟದ ಅನುಕೂಲಕ್ಕೆ ಬಳಸುತ್ತಿದ್ದ ಸಂದು ಅದು. ಒಬ್ಬ ಹೆಂಗಸು ಅದರಲ್ಲಿ ನುಸುಳಿದ್ದನ್ನು ಅವನ ಕಡೆಯವರು ಕಂಡರು ಎಂದು ಕಥೆ. ಅನುಕೂಲಕ್ಕೆ ಬಿಟ್ಟುಕೊಂಡ ಸಂದಿಗೆ ಯಾರೂ ಹೆದರುವುದಿಲ್ಲ, ದಿನಾ ಕಣ್ಣಿಗೆ ಬೀಳುತ್ತದಲ್ಲ!

ನಮ್ಮ ದೇಶದ ಅಣುಸ್ಥಾವರಗಳಲ್ಲಿಯೂ ಅಂಥ ಒಂದು ಕಿಂಡಿ 1993ರ ಮಾರ್ಚ್ 31ರ ಬೆಳಗಿನ ಜಾವ ಬಯಲಾಯಿತು. ಉತ್ತರ ಪ್ರದೇಶದ ನರೋರಾ ಸ್ಥಾವರದಲ್ಲಿ ಟರ್ಬೈನಿನ ಎರಡು ಅಲಗುಗಳು ಮುರಿದವು. ಇಡೀ ಯಂತ್ರ ಅದುರಿತು. ಜನರೇಟರನ್ನು ತಂಪಾಗಿಡಲು ತುಂಬಿದ್ದ ಹೈಡ್ರೋಜನ್ ಸೋರಿ ಹೊತ್ತಿಕೊಂಡಿತು, ಎಣ್ಣೆ ಅದಕ್ಕೆ ಜೊತೆಯಾಯಿತು. ಸಿಬ್ಬಂದಿ ಕೂಡಲೇ ರಿಯಾಕ್ಟರನ್ನು ನಿಲ್ಲಿಸಿದರು. ಅಲ್ಲಿಯವರೆಗೆ ಎಲ್ಲವೂ ಪುಸ್ತಕದಲ್ಲಿ ಬರೆದಂತೆಯೇ ನಡೆಯಿತು. ತುರ್ತಿಗೆಂದು ಡೀಸೆಲ್ ಜನರೇಟರುಗಳೂ ಇದ್ದವು, ಒಂದಲ್ಲ, ಹಲವು. ಆದರೆ ಅವುಗಳ ವಿದ್ಯುತ್ತನ್ನು ಒಯ್ಯಬೇಕಾದ ಕೇಬಲ್ಲುಗಳು ಒಟ್ಟೊಟ್ಟಿಗೆ ಬೆಂಕಿಯ ದಾರಿಯಲ್ಲಿಯೇ ಸಾಗಿದ್ದವು. ಎಲ್ಲವೂ ಒಟ್ಟಿಗೇ ಸುಟ್ಟವು. ಸುಮಾರು ಹದಿನೇಳು ಗಂಟೆ ಆ ಘಟಕ ಕತ್ತಲಲ್ಲಿತ್ತು. ನಿಯಂತ್ರಣ ಕೊಠಡಿಗೆ ಹೊಗೆ ನುಗ್ಗಿ ಅಲ್ಲಿದ್ದವರು ಹೊರಬರಬೇಕಾಯಿತು.

ಮುಂದೆ ಕೆಲಸಕ್ಕೆ ಬಂದದ್ದು ಬೆಂಕಿ ಆರಿಸುವ ಪಂಪು. ಅದಕ್ಕೆ ತನ್ನದೇ ಡೀಸೆಲ್ ಎಂಜಿನ್ ಇತ್ತು, ಕೇಬಲ್ಲಿನ ಹಂಗಿರಲಿಲ್ಲ. ಅದರ ನೀರನ್ನೇ ಉಗಿ ತಯಾರಿಸುವ ಪಾತ್ರೆಗಳಿಗೆ ತಿರುಗಿಸಿದರು. ಇನ್ನು ಕೆಲವರು ಕೈಯಲ್ಲಿ ಟಾರ್ಚ್ ಹಿಡಿದು ಮೆಟ್ಟಿಲು ಹತ್ತಿ, ಬೋರಾನ್ ದ್ರಾವಣ ತನ್ನ ಭಾರಕ್ಕೇ ಇಳಿದು ರಿಯಾಕ್ಟರಿಗೆ ಸೇರುವಂತೆ ಕವಾಟಗಳನ್ನು ತೆರೆದರು. ಯುರೇನಿಯಂ ಒಡೆಯುವ ಕ್ರಿಯೆಯನ್ನು ಮುಂದುವರಿಸುವ ಕಣಗಳಾದ ನ್ಯೂಟ್ರಾನುಗಳನ್ನು ಹೀರುವ ವಸ್ತು ಅದು. ನಿಂತ ರಿಯಾಕ್ಟರ್ ಮತ್ತೆ ಏಳದಿರಲಿ ಎಂಬ ಎಚ್ಚರಿಕೆ. ವಿಕಿರಣ ಹೊರಗೆ ಸೋರಲಿಲ್ಲ. ಆಮೇಲೆ ಅಲಗಿನ ವಿನ್ಯಾಸ ಬದಲಾಯಿತು, ಕೇಬಲ್ಲುಗಳ ದಾರಿ ಬೇರೆಬೇರೆಯಾಯಿತು, ನಡುವೆ ಬೆಂಕಿ ತಡೆಯುವ ಅಡ್ಡಗಳು ಬಂದವು.

ಆದ್ದರಿಂದ ಯಾವ ಸ್ಥಾವರದವರಾದರೂ ನಿಮಗೆ ಸುತ್ತುಗಳ ಲೆಕ್ಕ ಒಪ್ಪಿಸಿದರೆ, ಎಲ್ಲ ಸುತ್ತುಗಳನ್ನೂ ಒಟ್ಟಿಗೆ ದಾಟುವ ಒಂದು ಸಂದು ಎಲ್ಲಿದೆ ಎಂದು ಕೇಳಿ. ಸುರಕ್ಷತೆಯ ಸಂಶೋಧನೆ ಎನ್ನುವುದರಲ್ಲಿ ಮುಕ್ಕಾಲುಪಾಲು ಈ ಹುಡುಕಾಟವೇ.

ಪ್ರಶ್ನೆ: ರಿಯಾಕ್ಟರ್ ನಿಲ್ಲಿಸಿದ ಮೇಲೆಯೂ ನೀರು ಹಾಯಿಸುತ್ತಲೇ ಇರಬೇಕು ಎನ್ನುತ್ತಾರೆ. ಬೆಂಕಿ ಆರಿಸಿದ ಮೇಲೆ ಒಲೆಗೆ ನೀರೇಕೆ?
— ಮಂಡಕ್ಕಿ ಭಟ್ಟಿಯವರು, ದಾವಣಗೆರೆ

ನಿಮ್ಮ ಭಟ್ಟಿಯನ್ನೇ ನೋಡಿ. ಹೊಟ್ಟು ಹಾಕುವುದನ್ನು ನಿಲ್ಲಿಸಿದ ಮೇಲೆಯೂ ಬಾಣಲೆಯ ಮರಳಿಗೆ ಕೈ ಇಡಲಾಗುವುದಿಲ್ಲ. ಆದರೂ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅದು ಆರಿರುತ್ತದೆ, ಏಕೆಂದರೆ ಅದು ಹಳೆಯ ಶಾಖ, ಖರ್ಚಾದರೆ ಮುಗಿಯಿತು. ರಿಯಾಕ್ಟರಿನ ಮರಳು ಹಾಗಲ್ಲ. ಯುರೇನಿಯಂ ಒಡೆದು ಹುಟ್ಟಿದ ಚೂರುಗಳು ಒಡೆಯುವ ಕೆಲಸ ನಿಂತ ಮೇಲೆಯೂ ತಾವಾಗಿಯೇ ಕ್ಷಯಿಸುತ್ತ ಹೊಸ ಶಾಖ ಕೊಡುತ್ತಿರುತ್ತವೆ. ಅದನ್ನು ನಿಲ್ಲಿಸುವ ಗುಂಡಿ ಯಾವುದೂ ಇಲ್ಲ.

ಲೆಕ್ಕ ಹೇಳುತ್ತೇನೆ. ಕೈಗಾದ ಒಂದು ಘಟಕ 220 ಮೆಗಾವಾಟ್ ವಿದ್ಯುತ್ತಿಗಾಗಿ ಸುಮಾರು 750 ಮೆಗಾವಾಟ್ ಶಾಖ ಹುಟ್ಟಿಸುತ್ತದೆ. ನಿಲ್ಲಿಸಿದ ಕ್ಷಣದಲ್ಲಿ ಅದರ ನೂರಕ್ಕೆ ಆರೇಳು ಪಾಲು ಉಳಿದಿರುತ್ತದೆ. ಒಂದು ಗಂಟೆಯಲ್ಲಿ ಒಂದೂವರೆ ಪಾಲಿನ ಆಸುಪಾಸಿಗೆ, ಒಂದು ದಿನದಲ್ಲಿ ಅರ್ಧ ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಅರ್ಧ ಪಾಲು ಎಂದರೆ ಸಣ್ಣದಲ್ಲ: ಎರಡು ಕಿಲೋವಾಟಿನ ಸುಮಾರು ಎರಡು ಸಾವಿರ ಗೀಸರುಗಳು ಒಂದೇ ಕೋಣೆಯಲ್ಲಿ ಉರಿದಂತೆ.

ಫುಕುಶಿಮಾದಲ್ಲಿ 2011ರ ಮಾರ್ಚ್ 11ರಂದು ಭೂಕಂಪವಾದ ಕೂಡಲೇ ಓಡುತ್ತಿದ್ದ ರಿಯಾಕ್ಟರುಗಳು ಸರಿಯಾಗಿಯೇ ನಿಂತವು. ಕೆಡಿಸಿದ್ದು ಈ ಉಳಿಕೆ ಶಾಖ. ಸಮುದ್ರ ಉಕ್ಕಿ ಬಂದು, ತಗ್ಗಿನಲ್ಲಿಟ್ಟಿದ್ದ ಡೀಸೆಲ್ ಜನರೇಟರುಗಳನ್ನೂ ವಿದ್ಯುತ್ ಫಲಕಗಳನ್ನೂ ಮುಳುಗಿಸಿತು. ನರೋರಾದಲ್ಲಿ ಬೆಂಕಿ ಮಾಡಿದ್ದನ್ನು ಅಲ್ಲಿ ನೀರು ಮಾಡಿತು. ನರೋರಾವನ್ನು ಕಾಪಾಡಿದ್ದರಲ್ಲಿ ಪಂಪು ಹಾಯಿಸಿದ ನೀರಿನ ಜೊತೆಗೆ ಇನ್ನೊಂದು ಸಂಗತಿಯೂ ಇತ್ತು: ಬಿಸಿಯಾದದ್ದು ಮೇಲೇರುತ್ತದೆ, ತಂಪಾದದ್ದು ಕೆಳಗಿಳಿಯುತ್ತದೆ. ಉಗಿಪಾತ್ರೆಗಳನ್ನು ರಿಯಾಕ್ಟರಿಗಿಂತ ಎತ್ತರದಲ್ಲಿ ಇಟ್ಟಿದ್ದರಿಂದ ಭಾರಜಲ ಪಂಪಿಲ್ಲದೆ ತಾನೇ ಸುತ್ತುತ್ತಿತ್ತು. ನಿಮ್ಮ ಮನೆಯ ತಾರಸಿಯ ಸೋಲಾರ್ ಹೀಟರ್ ನಡೆಯುವುದೂ ಇದೇ ಲೆಕ್ಕದಲ್ಲಿ.

ಪ್ರಶ್ನೆ: ಸರ್, ವಿಜ್ಞಾನಿಗಳು ಬೇಕೆಂದೇ ರಿಯಾಕ್ಟರನ್ನು ಕೆಡಿಸಿ ನೋಡಿದ್ದಾರೆಯೇ?
— ಪಿಯುಸಿ ವಿದ್ಯಾರ್ಥಿ, ಜಗಳೂರು

ನೋಡಿದ್ದಾರೆ ಮರಿ, ಹಲವು ಸಲ. ಅಮೆರಿಕದ ಐಡಾಹೋ ರಾಜ್ಯದ ಮರುಭೂಮಿಯಲ್ಲಿ ಅದಕ್ಕೆಂದೇ ವಿಶಾಲವಾದ ಜಾಗವಿದೆ. ನಿಮ್ಮ ಜಗಳೂರಿನಂತೆಯೇ ಮಳೆ ಕಡಿಮೆ. 1954ರ ಜುಲೈಯಲ್ಲಿ ಅಲ್ಲಿ ಬೋರಾಕ್ಸ್ ಎಂಬ ಸಣ್ಣ ರಿಯಾಕ್ಟರಿನ ನಿಯಂತ್ರಣ ಕಂಬಿಯನ್ನು ಬೇಕೆಂದೇ ಹೊರಗೆ ಚಿಮ್ಮಿಸಿದರು. ಅದು ಲೆಕ್ಕ ಹಾಕಿದ್ದಕ್ಕಿಂತ ಜೋರಾಗಿ ಸಿಡಿಯಿತು. ಲೆಕ್ಕ ತಪ್ಪಿದೆ ಎಂದು ತಿಳಿದದ್ದೇ ಆ ಪರೀಕ್ಷೆಯ ಲಾಭ.

ನನಗೆ ಹೆಚ್ಚು ಇಷ್ಟವಾದದ್ದು ಅದೇ ಐಡಾಹೋದ ಇನ್ನೊಂದು ಪರೀಕ್ಷೆ, 1986ರ ಏಪ್ರಿಲ್ 3ರದು. ಇಬಿಆರ್-2 ಎಂಬುದು ಕರಗಿದ ಸೋಡಿಯಂನಿಂದ ತಂಪಾಗುವ ರಿಯಾಕ್ಟರ್. ನಮ್ಮ ಕಲ್ಪಾಕ್ಕಂನಲ್ಲಿರುವ, ವೇಗದ ನ್ಯೂಟ್ರಾನುಗಳಿಂದ ನಡೆಯುವ ರಿಯಾಕ್ಟರುಗಳ ದೂರದ ಸಂಬಂಧಿ. ಅದು ಪೂರ್ತಿ ಶಕ್ತಿಯಲ್ಲಿ ಓಡುತ್ತಿರುವಾಗ, ತಾನಾಗಿ ನಿಲ್ಲುವ ವ್ಯವಸ್ಥೆಯನ್ನು ತಡೆಹಿಡಿದು, ಪಂಪುಗಳ ವಿದ್ಯುತ್ತನ್ನು ಕಡಿದರು. ಸೋಡಿಯಂನ ಬಿಸಿ ಏರಿತು. ಬಿಸಿ ಏರಿದಂತೆ ಒಳಗಿನ ಲೋಹವೆಲ್ಲ ಹಿಗ್ಗಿತು. ಹಿಗ್ಗಿದ ಸಂದುಗಳಿಂದ ನ್ಯೂಟ್ರಾನುಗಳು ಹೊರಬಿದ್ದವು, ಕ್ರಿಯೆ ತಾನಾಗಿ ಕುಗ್ಗಿ ನಿಂತಿತು. ಒಬ್ಬರೂ ಗುಂಡಿ ಒತ್ತಲಿಲ್ಲ. ಅದೇ ದಿನ ಮಧ್ಯಾಹ್ನ ಶಾಖ ಹೊರಹೋಗುವ ದಾರಿಯನ್ನೇ ಮುಚ್ಚಿ ಇನ್ನೊಮ್ಮೆ ನೋಡಿದರು. ಮತ್ತೆ ತಾನಾಗಿ ತಣ್ಣಗಾಯಿತು.

ಅದಾದ ಇಪ್ಪತ್ತಮೂರನೆಯ ದಿನಕ್ಕೆ ಚೆರ್ನೋಬಿಲ್ ಸಿಡಿಯಿತು. ಅಲ್ಲಿಯೂ ಆ ರಾತ್ರಿ ನಡೆಯುತ್ತಿದ್ದದ್ದು ಸುರಕ್ಷತೆಯ ಪರೀಕ್ಷೆಯೇ. ವಿದ್ಯುತ್ ಹೋದರೆ ಟರ್ಬೈನಿನ ಉಳಿದ ತಿರುಗುವಿಕೆಯಿಂದಲೇ ಪಂಪು ಸ್ವಲ್ಪ ಹೊತ್ತು ಓಡೀತೇ ಎಂದು ನೋಡುವುದು ಅದರ ಉದ್ದೇಶ. ಐಡಾಹೋದವರು ಸಣ್ಣ ಹೆಜ್ಜೆಗಳಲ್ಲಿ, ಮೊದಲು ಕಡಿಮೆ ಶಕ್ತಿಯಲ್ಲಿ ನೋಡುತ್ತ ನೋಡುತ್ತ ಆ ದಿನಕ್ಕೆ ಬಂದಿದ್ದರು. ಚೆರ್ನೋಬಿಲ್‌ನವರು ತಡವಾಗಿ ಹೋಗಿದ್ದ ಕೆಲಸವನ್ನು ರಾತ್ರಿ ಪಾಳಿಗೆ ದಾಟಿಸಿ, ರಿಯಾಕ್ಟರ್ ಅಸ್ಥಿರವಾಗಿದ್ದ ಸ್ಥಿತಿಯಲ್ಲಿಯೇ ಮುಗಿಸಲು ಹೊರಟರು. ನೀನು ಎಂಜಿನಿಯರಿಂಗ್ ಓದುವುದಾದರೆ ಈ ಎರಡು ದಿನಗಳನ್ನು ಅಕ್ಕಪಕ್ಕ ಇಟ್ಟು ಓದು.

ಪ್ರಶ್ನೆ: ಕೈಗಾದ ಗುಮ್ಮಟ ಕಟ್ಟುವಾಗಲೇ ಕುಸಿದಿತ್ತಲ್ಲವೇ? ಅಂಥ ಕಾಂಕ್ರೀಟನ್ನು ನಂಬುವುದು ಹೇಗೆ?
— ಶಿಕ್ಷಕಿ, ಹರಿಹರ

ನಿಜ, ಮೇಡಂ. 1994ರ ಮೇ 13ರಂದು ಮೊದಲ ಘಟಕದ ಒಳಗುಮ್ಮಟದ ಒಂದು ಪದರ ಕಳಚಿ ಬಿತ್ತು. ಕೆಲಸಗಾರರಿಗೆ ಗಾಯಗಳಾದವು. ಇಂಧನ ಇನ್ನೂ ಬಂದಿರಲಿಲ್ಲವಾದ್ದರಿಂದ ವಿಕಿರಣದ ಮಾತೇ ಇರಲಿಲ್ಲ. ಆದರೆ ಆ ವೃತ್ತಿಯಲ್ಲಿದ್ದ ನಮ್ಮಂಥವರಿಗೆ ಅದು ಮನೆಯಲ್ಲಿ ಸಾವಾದಂತೆ.

ಕಾಂಕ್ರೀಟು ಹಿಂಡಿದರೆ ಗಟ್ಟಿ, ಎಳೆದರೆ ಹುಲ್ಲುಕಡ್ಡಿ. ಆದ್ದರಿಂದ ಗುಮ್ಮಟದೊಳಗೆ ಉಕ್ಕಿನ ಕೇಬಲ್ಲುಗಳನ್ನು ಹಾಯಿಸಿ ಬಿಗಿದು, ಮೊದಲೇ ಹಿಂಡಿ ಇಡುತ್ತಾರೆ. ಬಾಗಿದ ಹಗ್ಗವನ್ನು ಬಿಗಿದಷ್ಟೂ ಅದು ನೆಟ್ಟಗಾಗಲು ಹವಣಿಸಿ ಒಳಮುಖವಾಗಿ ಒತ್ತುತ್ತದೆ. ಮೇಲಿನ ಕಾಂಕ್ರೀಟು ಹೊರಮುಖವಾಗಿ ಉಬ್ಬಲು ನೋಡುತ್ತದೆ. ಎರಡರ ನಡುವೆ ದಪ್ಪದ ದಿಕ್ಕಿನಲ್ಲಿ ಎಳೆತ ಹುಟ್ಟುತ್ತದೆ. ಆ ದಿಕ್ಕಿನಲ್ಲಿ ಹಿಡಿದಿಡುವ ಕಂಬಿ ಸಾಲದೆ ಹೋದರೆ ಈರುಳ್ಳಿಯಂತೆ ಪದರ ಬಿಡುತ್ತದೆ. ಹೊಸ ವಿನ್ಯಾಸದಲ್ಲಿ ಆ ಕಂಬಿಗಳು ಬಂದವು, ಸಿಲಿಕಾ ಫ್ಯೂಮ್ ಬೆರೆಸಿದ ಎಂ-60 ದರ್ಜೆಯ ಕಾಂಕ್ರೀಟು ಬಂದಿತು. ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟು ಗಟ್ಟಿ; ನಮ್ಮ ಕಡೆ ಮನೆ ತಾರಸಿಗೆ ಹಾಕುವುದು ಸಾಮಾನ್ಯವಾಗಿ ಎಂ-20. ಮುಂದೆ ತಾರಾಪುರದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು 540 ಮೆಗಾವಾಟಿನ ಸ್ಥಾವರದ ಒಳಕವಚವನ್ನು ನಾಲ್ಕನೇ ಒಂದರ ಅಳತೆಯಲ್ಲಿ ಕಟ್ಟಿ, ಒಳಗೆ ಗಾಳಿ ತುಂಬಿ, ವಿನ್ಯಾಸದ ಒತ್ತಡವನ್ನು ಮೀರಿ ಉಬ್ಬಿಸಿ ನೋಡಿದರು. ಎಲ್ಲಿ ಮೊದಲು ಬಿರಿಯುತ್ತದೆ ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಒಂದು ತಮಾಷೆ: ಗುಮ್ಮಟ ಬಿದ್ದ ಅದೇ ಮೊದಲ ಘಟಕ 2016ರಲ್ಲಿ ಶುರುವಾಗಿ 962 ದಿನ ನಿಲ್ಲದೆ ಓಡಿ, 2018ರ ಡಿಸೆಂಬರ್ 31ರಂದು ಆಗಿನ ವಿಶ್ವದಾಖಲೆಯೊಂದಿಗೆ ನಿಂತಿತು. ಶುರುವಾದ ತಾರೀಖೂ ಮೇ 13. ಇದರಲ್ಲಿ ಏನೋ ಇದೆ ಎಂದು ನನ್ನ ಹೆಂಡತಿಯ ವಾದ. ನಾನು ಸುಮ್ಮನಿದ್ದೇನೆ.

ಕವಚ ಕಟ್ಟಿದ ಮೇಲೆ ಗಾಳಿ ತುಂಬಿ ಸೋರಿಕೆ ಅಳೆಯುತ್ತಾರೆ. ಇಷ್ಟು ದೊಡ್ಡ ಕಟ್ಟಡದ ಸೋರಿಕೆಯನ್ನು ಕೊನೆಗೆ ಹುಡುಕುವುದು ಯಾವುದರಿಂದ ಗೊತ್ತೇ? ಸೋಪಿನ ನೀರು ಮತ್ತು ಬಣ್ಣ ಬಳಿಯುವ ಬ್ರಷ್ಷಿನಿಂದ. ಒಂದು ಸ್ಥಾವರದಲ್ಲಿ ಎರಡು ದಿನ ಲೆಕ್ಕ ಹೊಂದಲಿಲ್ಲ. ಮೂರನೆಯ ರಾತ್ರಿ ಒಳಬಾಗಿಲೊಂದರ ಅಂಚಿಗೆ ನೊರೆ ಬಳಿಯುತ್ತಿದ್ದೆ. ಕೆಳಮೂಲೆಯಲ್ಲಿ ಸಾಸಿವೆಯಷ್ಟು ಗುಳ್ಳೆಯೊಂದು ಎದ್ದು, ಒಡೆದು, ಅದೇ ಜಾಗದಲ್ಲಿ ಮತ್ತೆ ಎದ್ದಿತು. ಒತ್ತಡ ಇಳಿಸಿ ಬಾಗಿಲು ತೆಗೆಸಿದೆವು. ರಬ್ಬರಿನ ಗ್ಯಾಸ್ಕೆಟ್ಟಿನ ಮೇಲೆ ಅಡ್ಡಲಾಗಿ ಒಂದು ಗೋಣಿಯ ನಾರು, ಬೆರಳುದ್ದದ್ದು. ಕಾಂಕ್ರೀಟಿಗೆ ನೀರುಣಿಸಲು ಹೊದಿಸಿದ್ದ ಗೋಣಿಯಿಂದ ಯಾರದೋ ಚಪ್ಪಲಿಗೆ ಅಂಟಿ ಬಂದಿರಬೇಕು. ಅದನ್ನು ಬಹಳ ದಿನ ನನ್ನ ಡೈರಿಯಲ್ಲಿ ಅಂಟಿಸಿ ಇಟ್ಟುಕೊಂಡಿದ್ದೆ.

ಪ್ರಶ್ನೆ: ಕೈಗಾದಲ್ಲಿ ಏನಾದರೂ ಆದರೆ ನಮ್ಮ ತುಂಗಭದ್ರೆಯ ನೀರು ಕೆಡುತ್ತದೆಯೇ?
— ಗೃಹಿಣಿ, ಹೊನ್ನಾಳಿ

ಹೊಳೆಯ ಮೂಲಕ ಬರುವುದಿಲ್ಲ ತಾಯಿ. ಕೈಗಾ ಇರುವುದು ಕಾಳಿ ನದಿಯ ದಡದಲ್ಲಿ, ಅದು ಪಡುವಣಕ್ಕೆ ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ತುಂಗಭದ್ರೆ ಘಟ್ಟದ ಈಚೆಗೆ, ಮೂಡಣಕ್ಕೆ ಹರಿಯುತ್ತದೆ.

ಪ್ರಶ್ನೆ: ನಮ್ಮ ಕಾವಲಿನಲ್ಲಿ ಅಣುಸ್ಥಾವರ ಬರುತ್ತದೆ ಎಂದು ಕುರಿಗಾಹಿಗಳು ಮಾತಾಡುತ್ತಾರೆ. ನಿಜವೇ?
— ರೈತರು, ಚಳ್ಳಕೆರೆ ತಾಲ್ಲೂಕು

ಉಳ್ಳಾರ್ತಿ ಕಾವಲಿನಲ್ಲಿ 1,810 ಎಕರೆ ಪಡೆದಿರುವುದು ಭಾಭಾ ಅಣು ಸಂಶೋಧನಾ ಕೇಂದ್ರ. ಅದು ವಿದ್ಯುತ್ ಮಾರುವ ನಿಗಮವಲ್ಲ, ಸಂಶೋಧನಾ ಸಂಸ್ಥೆ. ಕೈಗಾದಂಥ ವಿದ್ಯುತ್ ಸ್ಥಾವರಕ್ಕೆ ಬೇಕಾಗುವಷ್ಟು ನೀರು ನಿಮ್ಮಲ್ಲಿ ಎಲ್ಲಿದೆ, ನೀವೇ ಹೇಳಿ. ಆದರೆ ಅಮೃತಮಹಲ್ ಕಾವಲಿನಲ್ಲಿ ತಲೆಮಾರುಗಳಿಂದ ಕುರಿ ಮೇಯಿಸಿದವರು ಬೇಲಿಯಾಚೆ ಏನು ನಡೆಯುತ್ತದೆ ಎಂದು ಕೇಳಿದರೆ ಅದು ಅಧಿಕಪ್ರಸಂಗವಲ್ಲ. ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ತೆಗೆದುಕೊಳ್ಳಿ.

ಪ್ರಶ್ನೆ: ಇಷ್ಟೆಲ್ಲ ಹೇಳುವ ನೀವು ಅಣುಸ್ಥಾವರದ ಪಕ್ಕದಲ್ಲಿ ಮನೆ ಮಾಡುತ್ತೀರಾ?
— ಹೆಸರು ಬೇಡ ಎಂದವರು, ಚನ್ನಗಿರಿ

ಇಪ್ಪತ್ತೆರಡು ವರ್ಷ ಮಾಡಿದ್ದೆ. ಮಕ್ಕಳಿಬ್ಬರೂ ಟೌನ್‌ಶಿಪ್ಪಿನಲ್ಲಿಯೇ ಬೆಳೆದರು. ಈಗ ಇನ್ನೊಂದು ಕಡೆ ಹೋಗಬೇಕಾದರೆ ಡೀಸೆಲ್ ಜನರೇಟರ್ ಎಷ್ಟು ಎತ್ತರದಲ್ಲಿದೆ, ಅದರ ಕೇಬಲ್ ಯಾವ ದಾರಿಯಲ್ಲಿ ಹೋಗಿದೆ ಎಂದು ಮೊದಲು ನೋಡಿ ಬರುತ್ತೇನೆ, ಆಮೇಲೆ ಬಾಡಿಗೆ ಮಾತಾಡುತ್ತೇನೆ. ದಾವಣಗೆರೆಯ ಈ ಮನೆ ಕಟ್ಟಿಸುವಾಗಲೂ ಮೀಟರ್ ಬೋರ್ಡು ಮತ್ತು ಯುಪಿಎಸ್ ಎರಡನ್ನೂ ಒಂದೇ ಗೋಡೆಗೆ ಹಾಕಬೇಡಪ್ಪ ಎಂದು ಎಲೆಕ್ಟ್ರಿಷಿಯನ್‌ನೊಂದಿಗೆ ಜಗಳವಾಡಿದ್ದೆ. ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಆತ ತನಗೆ ಅನುಕೂಲವಾಯಿತೆಂದು ಒಂದೇ ಗೋಡೆಗೆ ಹಾಕಿ, ಒಂದೇ ಪೈಪಿನಲ್ಲಿ ವೈರು ಎಳೆದು ಹೋಗಿದ್ದ. ಹತ್ತು ವರ್ಷವಾಯಿತು, ಇನ್ನೂ ಹಾಗೆಯೇ ಇದೆ.