ಸಿ1ಎ20 ಕೋಡ್ ಬಂದ ಮಾತ್ರಕ್ಕೆ ಕಂಪ್ರೆಸರ್ ಕೆಟ್ಟಿದೆಯೇ?

ಪ್ರಶ್ನೆ: ನಾನು ಕಲಬುರಗಿಯಲ್ಲಿ ತೊಗರಿ ಬೇಳೆಯ ಮಿಲ್ಲು ನಡೆಸುತ್ತೇನೆ. ಎರಡು ವರ್ಷದ ಹಿಂದೆ ಹೈದರಾಬಾದಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಎಸ್‌ಯುವಿಯಲ್ಲಿ ಏರ್ ಸಸ್ಪೆನ್ಷನ್ ಇದೆ. ಒಂದು ತಿಂಗಳಿಂದ ಮಧ್ಯಾಹ್ನದ ಹೊತ್ತು ಗಾಡಿಯನ್ನು ಎತ್ತರಿಸಲು ಹೋದರೆ ಎಚ್ಚರಿಕೆಯ ದೀಪ ಹತ್ತುತ್ತದೆ. ಬೆಳಿಗ್ಗೆ ನೋಡಿದರೆ ಇಡೀ ಗಾಡಿ ಕುಸಿದು ಕುಳಿತಿರುತ್ತದೆ. ಗಾಡಿಯ ದೋಷ ಓದುವ, ನನ್ನ ಬಳಿಯ ಸಣ್ಣ ಸ್ಕ್ಯಾನರ್ ಏನನ್ನೂ ತೋರಿಸಲಿಲ್ಲ. ಗ್ಯಾರೇಜಿನವರು ತಮ್ಮ ಯಂತ್ರ ಹಾಕಿ, ‘ಸಿ1ಎ20’ ಎಂಬ ದೋಷದ ಕೋಡ್ ಇದೆ, ಗಾಳಿ ತುಂಬುವ ಕಂಪ್ರೆಸರ್ ಹೋಗಿದೆ, ಹೊಸದೇ ಹಾಕಬೇಕು ಎಂದಿದ್ದಾರೆ. ಹಾಕಿಸಲೇ?
– ಓದುಗರು, ಕಲಬುರಗಿ

ಉತ್ತರ: ಈಗಲೇ ಬೇಡ. ಆ ಕೋಡ್ ಕಂಪ್ರೆಸರ್ ಕೆಟ್ಟಿದೆ ಎಂದು ಹೇಳುತ್ತಿಲ್ಲ. ನಿಮ್ಮದು ಲ್ಯಾಂಡ್ ರೋವರ್ ಆಗಿದ್ದರೆ, ಗಾಳಿಯ ಟ್ಯಾಂಕ್ ತುಂಬುವಾಗ ಒತ್ತಡ ಏರಬೇಕಾದಷ್ಟು ಬೇಗ ಏರುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ಹಾಗಾಗಲು ಕಂಪ್ರೆಸರ್ ಸವೆದಿರಬಹುದು; ಅದು ತುಂಬಿದ ಗಾಳಿ ಇನ್ನೆಲ್ಲೋ ಸೋರಿಹೋಗುತ್ತಲೂ ಇರಬಹುದು. ಬೆಳಿಗ್ಗೆ ಗಾಡಿ ಕುಸಿದಿರುತ್ತದೆ ಎಂದು ನೀವೇ ಬರೆದಿರುವುದರಿಂದ ನನ್ನ ಅನುಮಾನ ಎರಡನೆಯದರ ಮೇಲೆಯೇ ಹೆಚ್ಚು, ಏಕೆಂದರೆ ಕಂಪ್ರೆಸರ್ ಎಷ್ಟೇ ದುರ್ಬಲವಾಗಿದ್ದರೂ ನಿಂತ ಗಾಡಿಯನ್ನು ಪ್ರತಿ ಚಕ್ರದ ಬಳಿ ಹೊತ್ತಿರುವ ರಬ್ಬರಿನ ಗಾಳಿಚೀಲಗಳಲ್ಲಿ, ಅಂದರೆ ಬೆಲ್ಲೋಸ್‌ನಲ್ಲಿ ಆಗಲೇ ಇರುವ ಗಾಳಿ ಅದರಿಂದಾಗಿ ಖಾಲಿಯಾಗುವುದು ಅಪರೂಪ.

ನಿಮ್ಮ ಸ್ಕ್ಯಾನರ್ ಸುಮ್ಮನಿದ್ದುದರಲ್ಲಿ ಆಶ್ಚರ್ಯವಿಲ್ಲ. ಅಗ್ಗದ ಸ್ಕ್ಯಾನರುಗಳು ಸಾಮಾನ್ಯವಾಗಿ ಎಂಜಿನ್ನಿಗೆ ಸೇರಿದ, ‘ಪಿ’ ಅಕ್ಷರದಿಂದ ಶುರುವಾಗುವ ಕೋಡುಗಳನ್ನು ಮಾತ್ರ ಓದುತ್ತವೆ. ‘ಸಿ’ ಎಂದರೆ ಚಾಸಿಸ್; ಅದರ ಮುಂದಿನ ‘1’ ಎಂಬ ಅಂಕಿ, ಇದು ಎಲ್ಲ ಗಾಡಿಗಳಿಗೂ ಸಮಾನವಾದ ಕೋಡ್ ಅಲ್ಲ, ತಯಾರಕರು ತಾವೇ ಇಟ್ಟುಕೊಂಡದ್ದು ಎಂದು ತಿಳಿಸುತ್ತದೆ. ಆದ್ದರಿಂದ ಇದರ ಅರ್ಥವನ್ನು ನಿಮ್ಮ ಮಾದರಿಯ ಕೈಪಿಡಿಯಲ್ಲೇ ನೋಡಬೇಕು, ಪಕ್ಕದ ಮನೆಯವರ ಗಾಡಿಗೆ ಹೇಳಿದ್ದನ್ನು ನಂಬಬಾರದು.

ಮೊದಲು ಬ್ಯಾಟರಿ ನೋಡಿ. ಎಂಜಿನ್ ನಿಂತಿರುವಾಗ 12.6 ವೋಲ್ಟ್ ಆಸುಪಾಸು, ಓಡುವಾಗ 14ರ ಹತ್ತಿರ ಇದ್ದರೆ ಸಾಕು; ವೋಲ್ಟೇಜ್ ಕಡಿಮೆಯಿದ್ದಾಗ ಇಲ್ಲದ ದೋಷಗಳೂ ಕೋಡಾಗಿ ಬರುತ್ತವೆ. ಬಳಿಕ ಇರುವ ಕೋಡುಗಳನ್ನೆಲ್ಲ ಬರೆದುಕೊಂಡು ಅಳಿಸಿ, ಎರಡು ದಿನ ಓಡಿಸಿ, ಯಾವುದು ಮರಳಿ ಬರುತ್ತದೆಂದು ಗಮನಿಸಿ.

ಸೋರಿಕೆ ಹುಡುಕುವುದಕ್ಕೆ ಒಂದು ರಾತ್ರಿ ಬೇಕು. ಶಹಾಬಾದ್ ಕಲ್ಲು ಹಾಸಿದ ಸಮತಟ್ಟಾದ ಅಂಗಳವಿದ್ದರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ, ಪ್ರತಿಯೊಂದು ಚಕ್ರದ ನಡುವಿನಿಂದ ಅದರ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಅಳೆದು, ನಾಲ್ಕೂ ಅಳತೆಗಳನ್ನು ಬರೆದಿಡಿ. ಇಲ್ಲಿ ಅನೇಕ ಮೆಕ್ಯಾನಿಕ್‌ಗಳು ಮರೆಯುವ ಸಂಗತಿಯೊಂದಿದೆ: ಕೆಲವು ಗಾಡಿಗಳ ಸಸ್ಪೆನ್ಷನ್ ಕಂಪ್ಯೂಟರ್ ಗಾಡಿ ನಿಂತಿರುವಾಗಲೂ ಕೆಲವು ತಾಸುಗಳಿಗೊಮ್ಮೆ ಎಚ್ಚೆತ್ತು, ಒಂದು ಮೂಲೆ ಇಳಿದಿದ್ದರೆ ಉಳಿದ ಮೂರನ್ನೂ ಅದರ ಮಟ್ಟಕ್ಕೆ ಇಳಿಸಿಬಿಡುತ್ತದೆ. ಒಂದೇ ಮೂಲೆಯ ಸೋರಿಕೆ ಬೆಳಗಾಗುವಷ್ಟರಲ್ಲಿ ಇಡೀ ಗಾಡಿಯ ಕುಸಿತವಾಗಿ ಕಾಣುವುದು ಹೀಗೆ. ಅದಕ್ಕಾಗಿ ಅಳತೆ ಮುಗಿದ ಕೂಡಲೇ ಕೈಪಿಡಿ ನೋಡಿ ಸಸ್ಪೆನ್ಷನ್ನಿನ ಫ್ಯೂಸ್ ತೆಗೆದಿಡಿ, ಬೆಳಿಗ್ಗೆ ಅದನ್ನು ಹಾಕುವ ಮುಂಚೆಯೇ ಮತ್ತೆ ಅಳೆಯಿರಿ. ನಾಲ್ಕೂ ಕಡೆ ಎರಡು ಮೂರು ಮಿಲಿಮೀಟರ್ ಇಳಿದಿದ್ದರೆ ಅದು ರಾತ್ರಿಯ ತಂಪಿಗೆ ಗಾಳಿ ಕುಗ್ಗಿದ್ದು, ಬಿಟ್ಟುಬಿಡಿ. ಒಂದೇ ಮೂಲೆ ಎದ್ದು ಕಾಣುವಂತೆ ಇಳಿದಿದ್ದರೆ ಆ ಬೆಲ್ಲೋಸ್, ಇಲ್ಲವೇ ಅದರ ಪೈಪಿನ ಜೋಡಣೆ ಸೋರುತ್ತಿದೆ. ಒಂದು ಆಕ್ಸಲ್‌ನ ಎರಡೂ ಬದಿ ಒಟ್ಟಿಗೆ ಇಳಿದಿದ್ದರೆ ಗಾಳಿಯನ್ನು ಮೂಲೆಗಳಿಗೆ ಹಂಚುವ ವಾಲ್ವ್ ಬ್ಲಾಕ್ ಕಡೆ ತಿರುಗಿ.

ಆ ಮೇಲೆ ಗಾಡಿಯನ್ನು ಅತಿ ಎತ್ತರಕ್ಕೆ ಏರಿಸಿ, ಸಾಬೂನಿನ ದಪ್ಪ ನೊರೆಯನ್ನು ಬ್ರಶ್ಶಿನಿಂದ ಬೆಲ್ಲೋಸ್‌ನ ಮಡಿಕೆಗೆ ಹಚ್ಚಿ. ಎತ್ತರಿಸುವುದು ಏಕೆಂದರೆ ರಬ್ಬರಿನ ಸೀಳು ಇರುವುದು ಮಡಿಕೆಯೊಳಗೆ. ಸಾಧಾರಣ ಎತ್ತರದಲ್ಲಿ ಅದು ಮುಚ್ಚಿಕೊಂಡಿರುತ್ತದೆ. ನೊರೆಯಲ್ಲಿ ಸಾಸಿವೆಯಷ್ಟು ಗುಳ್ಳೆ ಒಂದರ ಹಿಂದೊಂದು ಏಳುತ್ತಿದ್ದರೆ ಕಳ್ಳ ಸಿಕ್ಕಂತೆ. ಒಂದು ಎಚ್ಚರಿಕೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ: ಗಾಳಿಯ ಮೇಲೆ ನಿಂತ ಗಾಡಿ ಯಾವ ಸೂಚನೆಯೂ ಇಲ್ಲದೆ ಕುಸಿಯಬಲ್ಲದು, ಆದ್ದರಿಂದ ಚಾಸಿಸ್‌ಗೆ ಗಟ್ಟಿಯಾದ ಸ್ಟ್ಯಾಂಡ್ ಕೊಡದೆ ಯಾರೂ ಅದರ ಕೆಳಗೆ ತಲೆ ಹಾಕಬಾರದು.

ಸೋರಿಕೆ ನಿಲ್ಲಿಸಿದ ಮೇಲೂ ಅದೇ ಕೋಡ್ ಬಂದರೆ ಆಗ ಕಂಪ್ರೆಸರ್ ಸರದಿ. ನಿಮ್ಮ ಮಿಲ್ಲಿನಲ್ಲಿ ಬೇಳೆ ಆರಿಸುವ ಸಾರ್ಟೆಕ್ಸ್ ಯಂತ್ರಕ್ಕೆ ಹೋಗುವ ಗಾಳಿ ಡ್ರೈಯರ್ ದಾಟಿ ಬರಬೇಕಲ್ಲವೇ? ಗಾಡಿಯಲ್ಲಿಯೂ ಹಾಗೆಯೇ, ಕಂಪ್ರೆಸರಿನ ಪಕ್ಕದಲ್ಲಿ ತೇವ ಹೀರುವ ಕಾಳುಗಳನ್ನು ತುಂಬಿದ ಸಣ್ಣ ಡ್ರೈಯರ್ ಇರುತ್ತದೆ. ಗಾಡಿಯನ್ನು ಇಳಿಸುವಾಗ ಹೊರಹೋಗುವ ಒಣ ಗಾಳಿ ಆ ಕಾಳುಗಳನ್ನು ಮತ್ತೆ ಒಣಗಿಸುತ್ತದೆ. ಕಾಳು ಪುಡಿಯಾಗಿ ದಾರಿ ಕಟ್ಟಿದ್ದರೆ, ಅಥವಾ ಗಾಳಿ ಎಳೆಯುವ ಫಿಲ್ಟರಿನಲ್ಲಿ ತೊಗರಿ ಹೊಟ್ಟಿನ ಧೂಳು ತುಂಬಿದ್ದರೆ, ಒಳ್ಳೆಯ ಕಂಪ್ರೆಸರ್ ಕೂಡ ಸೋತಂತೆ ಕಾಣುತ್ತದೆ. ಕಂಪ್ರೆಸರಿಗೆ ವಿದ್ಯುತ್ ಹರಿಸುವ ಸ್ವಿಚ್ಚಾದ ರಿಲೇಯನ್ನೂ ಬದಲಿಸಿ, ಅದರ ಬೆಲೆ ಅಲ್ಪ, ಆದರೆ ಅದು ಅಂಟಿಕೊಂಡರೆ ಕಂಪ್ರೆಸರ್ ನಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಇವೆಲ್ಲ ಸರಿಯಿದ್ದೂ ಒತ್ತಡ ಏರದಿದ್ದರೆ ಕಂಪ್ರೆಸರಿನೊಳಗಿನ ಪಿಸ್ಟನ್ ರಿಂಗ್ ಸವೆದಿದೆ ಎನ್ನಬಹುದು. ಹಲವು ಮಾದರಿಗಳಿಗೆ ಬರೀ ರಿಂಗೂ ಸಿಗುತ್ತದೆ, ಕೇಳಿ ನೋಡಿ.

ಮಧ್ಯಾಹ್ನವೇ ದೀಪ ಹತ್ತುವುದಕ್ಕೂ ಕಾರಣವಿದೆ. ಸೋರಿದ್ದನ್ನು ತುಂಬಲು ಪದೇ ಪದೇ ಓಡಿ ಕಾದ ಕಂಪ್ರೆಸರ್, ನಮ್ಮ ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಬೇಗ ತಣಿಯುವುದಿಲ್ಲ. ಹೆಚ್ಚು ಕಾದರೆ ಕಂಪ್ಯೂಟರೇ ಅದನ್ನು ನಿಲ್ಲಿಸುತ್ತದೆ.

ಪ್ರಶ್ನೆ: ಈ ರಗಳೆಯೇ ಬೇಡವೆಂದು ಏರ್ ಸಸ್ಪೆನ್ಷನ್ ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕಿಸಬಹುದೇ?
– ಓದುಗರು, ಬೀದರ್

ಉತ್ತರ: ಕೆಲವು ಮಾದರಿಗಳಿಗೆ ಕಿಟ್ ಸಿಗುತ್ತದೆ. ಆದರೆ ಎತ್ತರ ಬದಲಿಸುವ ಸೌಲಭ್ಯ ಹೋಗುತ್ತದೆ, ಕಂಪ್ಯೂಟರಿಗೆ ತಿಳಿಸದಿದ್ದರೆ ದೀಪವೂ ಆರುವುದಿಲ್ಲ. ಹಾಕಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.